ಟೂಟಿಂಗಿನಲ್ಲಿ ಹೊಸ್ತಿಲಿನ ಈಚೆಗೆ

ಎಜ್‌ವೇರ್ ಸ್ಟೇಷನ್ನಿನಲ್ಲಿ ರೈಲು ಹೊರಡುವ ಮೊದಲೇ ನನಗೆ ಸಾಕಾಗಿತ್ತು. ಲಂಡನ್ನಿಗೆ ಬಂದು ಮೂರನೆಯ ವಾರ. ನವೆಂಬರಿನ ಚಳಿ, ಜಿಟಿಜಿಟಿ ಮಳೆ, ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲಿ ಕತ್ತಲು. ಧಾರವಾಡದವನಿಗೆ ಇಂಥ ಮಳೆ ಹೊಸದೇನಲ್ಲ. ಆದರೆ ನಮ್ಮಲ್ಲಿ ಮಳೆಯ ಜೊತೆಗೆ ಮಿರ್ಚಿ ಭಜಿ ಬರುತ್ತದೆ, ಇಲ್ಲಿ ಒದ್ದೆ ಕೋಟು ಬರುತ್ತದೆ.

ತಂಗಿ ವನಮಾಲಾ ಎಜ್‌ವೇರಿನಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ಅವ್ವ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, "ಅಣ್ಣಾ, ಇಷ್ಟು ವರ್ಷ ಅವ್ವಂದೆಲ್ಲಾ ಒಬ್ಬನ ಮಾಡೀದಿ, ಇನ್ನರೆ ಸ್ವಲ್ಪ ಆರಾಮ ತಗೋ" ಎಂದು ಟಿಕೆಟ್ ಕಳಿಸಿದಳು. ಆರಾಮ ತೆಗೆದುಕೊಳ್ಳುವುದು ನನಗೆ ಒಗ್ಗಲಿಲ್ಲ. ಅವ್ವನನ್ನು ಮಗ್ಗುಲು ಬದಲಿಸಿ ಮಲಗಿಸಬೇಕೆಂದು ದಿನಾ ನಸುಕಿನಲ್ಲಿ ಎದ್ದು ಕೂಡುತ್ತಿದ್ದೆ. ಎದ್ದ ಮೇಲೆ ನೆನಪಾಗುತ್ತಿತ್ತು. ಆಮೇಲೆ ಇಡೀ ದಿನ ಮೈಯಲ್ಲಿ ಜೀವವಿಲ್ಲದವನ ಹಾಗೆ ಸೋಫಾದ ಮೇಲೆ ಬಿದ್ದುಕೊಂಡಿರುತ್ತಿದ್ದೆ.

ಆ ಭಾನುವಾರ ವನಿ ಟೂಟಿಂಗಿನ ಒಂದು ದೇವಸ್ಥಾನಕ್ಕೆ ಹೊರಟಳು. ನಾನು ಬರುವುದಿಲ್ಲ ಎಂದೆ. ತಂದೆತಾಯಿಯ ಕರ್ಮ ಮಾಡಿದ ಮಗ ವರ್ಷ ತುಂಬುವವರೆಗೆ ದೇವಸ್ಥಾನದೊಳಗೆ ಕಾಲಿಡಬಾರದೆಂಬುದು ನಮ್ಮ ಮನೆತನದ ರೂಢಿ. ಮದುವೆಯಾಗಿ ಹೋದ ಮಗಳಿಗೆ ಆ ಕಟ್ಟಿಲ್ಲ.

"ಸಮುದ್ರಾನ ದಾಟಿ ಬಂದೀ. ಹೊಸ್ತಿಲಾ ಒಂದು ಉಳೀತೇನು?" ಎಂದು ವನಿ ಕೆಣಕಿದಳು. "ಒಳಗ ಬರಬ್ಯಾಡ. ಬಾಗಲ ತನಕರೆ ಬಾ. ಆಮ್ಯಾಲೆ ಅಲ್ಲೇ ದೋಸೆ ತಿನ್ನೂಣು."

ರೂಢಿ ನಿಜ. ಆದರೆ ನನಗೆ ಅದು ಒಳ್ಳೆಯ ನೆವವೂ ಆಗಿತ್ತು. ಕಡೆಯ ವರ್ಷ ಅವ್ವ ಪಟ್ಟ ಪಾಡು ನೋಡಿ ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಕೈ ಮುಗಿಯುವ ಮನಸ್ಸೇ ಹೋಗಿಬಿಟ್ಟಿತ್ತು. ವರ್ಷ ತುಂಬಿ ನೆವ ಮುಗಿದ ಮೇಲೂ ಆ ಮನಸ್ಸು ಬರದಿದ್ದರೆ ಏನು ಮಾಡುವುದು ಎಂದು ಒಳಗೊಳಗೇ ಹೆದರಿದ್ದೆ. ಅರವತ್ತು ದಾಟಿದವನು ದೇವರಿಲ್ಲದೆ ಬದುಕುವುದನ್ನು ಹೊಸದಾಗಿ ಎಲ್ಲಿ ಕಲಿಯಬೇಕು? ಇದನ್ನು ವನಿಗೆ ಹೇಳಿರಲಿಲ್ಲ.

ಎಜ್‌ವೇರಿನಿಂದ ಟೂಟಿಂಗಿಗೆ ಒಂದೇ ರೈಲು. ಊರಿನ ಉತ್ತರದ ತುದಿಯಿಂದ ದಕ್ಷಿಣಕ್ಕೆ ಒಂದು ತಾಸಿಗೂ ಹೆಚ್ಚು ಹಿಡಿಯುತ್ತದೆ. ಗೇಟಿನಲ್ಲಿ ಕಾರ್ಡು ಮುಟ್ಟಿಸಿದರೆ ದಾರಿ ಬಿಡುತ್ತದೆ. ಚಾರ್ಜು ಎಷ್ಟಾಯಿತೆಂದು ವನಿ ಹೇಳುವುದಿಲ್ಲ, ನಾನು ಕೂಡಲೇ ರೂಪಾಯಿಗೆ ಗುಣಿಸಿ ಮುಖ ಸಣ್ಣದು ಮಾಡುತ್ತೇನಂತೆ. ಗೋಲ್ಡರ್ಸ್ ಗ್ರೀನ್ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯಿತು. ಕಿಟಕಿಯಲ್ಲಿ ನೋಡಲು ನನ್ನ ಮುಖವೊಂದೇ ಉಳಿಯಿತು, ಅದನ್ನು ನೋಡುವುದು ಬೇಡವೆಂದು ಕಣ್ಣು ಮುಚ್ಚಿದೆ.

ದೇವಸ್ಥಾನವೆಂದರೂ ಗೋಪುರ ಇರಲಿಲ್ಲ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ, ಹಿಂದೆ ಚರ್ಚಿನ ಸಭಾಂಗಣವಾಗಿತ್ತಂತೆ. ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಒಂದು ಇಕ್ಕಟ್ಟಾದ ಜಾಗ. ಅಲ್ಲೊಂದು ಬೆಂಚು, ಗೋಡೆಗೆ ಚಪ್ಪಲಿ ಇಡುವ ಕಪಾಟು. ವನಿ ಒಳಗೆ ಹೋದಳು, ನಾನು ಬೆಂಚಿನ ಮೇಲೆ ಕುಳಿತೆ.

ಕಪಾಟು ಆಗಲೇ ತುಂಬಿ, ಬೂಟುಗಳು ನೆಲದ ಮೇಲೆ ರಾಶಿ ಬಿದ್ದಿದ್ದವು. ಕೆಲವು ಬೋರಲಾಗಿದ್ದವು. ಬಾಗಿಲಲ್ಲಿ ಪಾದರಕ್ಷೆ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ಬಹಳ ಹೊತ್ತು ತಡೆದುಕೊಂಡೆ. ಕಡೆಗೆ ಎದ್ದು ಒಂದನ್ನು ಸರಿಯಾಗಿಟ್ಟೆ. ಅದರ ಜೋಡಿ ಹುಡುಕಬೇಕಾಯಿತು. ಜೋಡಿ ಹುಡುಕುವಾಗ ಇನ್ನೆರಡು ಕೈಗೆ ಬಂದವು. ಸ್ವಲ್ಪ ಹೊತ್ತಿನಲ್ಲಿ ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಬೂಟುಗಳ ಒದ್ದೆ ಮಣ್ಣನ್ನು ಹಳೆಯ ಪೇಪರಿನಿಂದ ಒರೆಸಿ ಸಾಲಾಗಿ ಇಡುತ್ತಿದ್ದೆ.

ರೇಷ್ಮೆ ಸೀರೆಯ ಒಬ್ಬ ಹೆಂಗಸು ಬಂದು, "ಅಂಕಲ್, ಇದನ್ನೂ ಸ್ವಲ್ಪ ಅಲ್ಲೇ ಇಡ್ತೀರಾ?" ಎಂದು ತೊಟ್ಟಿಕ್ಕುವ ಕೊಡೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರನಾಗಿದ್ದವನು ನಾನು. ಒಂದು ಗಳಿಗೆ ಮುಖ ಬಿಗಿಯಿತು. ಆಮೇಲೆ ಕೊಡೆ ಮಡಚಿ ಮೂಲೆಗೆ ಒರಗಿಸಿದೆ.

ಎಲ್ಲರಿಗಿಂತ ತಡವಾಗಿ ಒಬ್ಬ ಹಿರಿಯರು ಬಂದರು. ಕೋಲೂರಿ ಬೆಂಚಿನ ಮೇಲೆ ಕುಳಿತು, ಬೂಟಿನ ಲೇಸು ನೋಡುತ್ತ ಉಸಿರು ಬಿಟ್ಟರು.

"ಎಂತ ಮಾಡುದು, ಬೆನ್ನು ಬಗ್ಗುದಿಲ್ಲ. ಹೆಂಡ್ತಿ ಇದ್ದಾಗ ಅವಳೇ ಬಿಚ್ಚಿ ಕೊಡ್ತಿದ್ಲು."

"ಕಾಲು ಕೊಡ್ರಿ ಇಲ್ಲೆ," ಎಂದೆ.

"ಛೇ, ಬೇಡ ಮಾರಾಯ್ರೆ."

ನಾನು ಆಗಲೇ ಲೇಸಿಗೆ ಕೈ ಹಾಕಿದ್ದೆ. ಅವರು ಕುಂದಾಪುರದ ಕಡೆಯವರಂತೆ. ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಚಪಾತಿ ಮಾಡುವ ಫ್ಯಾಕ್ಟರಿಯಲ್ಲಿ ದುಡಿದವರು. "ದಿನ ಇಡೀ ನಿಂತೇ ಕೆಲ್ಸ. ಈಗ ಕಾಲು ಬಡ್ಡಿ ಸಮೇತ ವಸೂಲು ಮಾಡ್ತಾ ಉಂಟು," ಎಂದು ನಕ್ಕರು.

ಬೂಟು ಕಳಚಿದೆ. ಕಾಲು ಬಾತಿತ್ತು, ಕಾಲುಚೀಲದ ಪಟ್ಟಿ ಚರ್ಮದಲ್ಲಿ ಹೂತಿತ್ತು. ನನ್ನ ಹೆಬ್ಬೆರಳು ತಾನಾಗಿಯೇ ಕಣಕಾಲನ್ನು ಒತ್ತಿ ಬಿಟ್ಟಿತು. ಬಿದ್ದ ಕುಳಿ ಎಷ್ಟು ಹೊತ್ತಿಗೆ ತುಂಬುತ್ತದೆಂದು ನೋಡಿದೆ. ಅವ್ವನಿಗೆ ದಿನಾ ಹಾಗೆ ನೋಡುತ್ತಿದ್ದೆ.

"ಉಪ್ಪು ಕಡಿಮಿ ಮಾಡ್ರಿ. ಮಲಗೂ ಮುಂದ ಕಾಲ ಕೆಳಗ ದಿಂಬು ಇಟಗೋರಿ," ಎಂದೆ.

"ಡಾಕ್ಟ್ರಾ ನೀವು?"

"ಅಲ್ರಿ. ನಮ್ಮವ್ವಗ ಮಾಡ್ತಿದ್ದೆ."

ಅವ್ವ ಹೋದಾಗ ನಾನು ಅತ್ತಿರಲಿಲ್ಲ. ಮಾಡಬೇಕಾದ ಕೆಲಸ ಬಹಳ ಇತ್ತು, ಕೆಲಸ ಮುಗಿದ ಮೇಲೆ ಅಳು ಬರಲಿಲ್ಲ. ಈಗ ಊರವರ ಬೂಟುಗಳ ನಡುವೆ ಕೂತು, ಹೆಸರೂ ಗೊತ್ತಿಲ್ಲದವರ ಕಾಲು ಹಿಡಿದುಕೊಂಡು ಅತ್ತೆ. ಒಳಗೆ ಮಂಗಳಾರತಿಯ ಗಂಟೆ ಶುರುವಾಯಿತು.

"ಹೋಗ್ರಿ, ಆರತಿ ತಪ್ಪತದ," ಎಂದೆ.

"ಇರ್ಲಿ. ಅದು ಮುಂದಿನ ವಾರವೂ ಉಂಟು," ಎಂದು ಅವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಗಂಟೆ ನಿಲ್ಲುವವರೆಗೂ ಕೂತರು.

ಸಿಟ್ಟೆಲ್ಲ ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆರತಿಯ ಹೊತ್ತಿಗೆ ನಾನು ಕೈ ಮುಗಿಯಲೂ ಇಲ್ಲ, ಕೈಯಲ್ಲಿ ಅವರ ಕಾಲಿತ್ತು. ಆದರೆ ಮುಗಿಯಬೇಕೆನಿಸಿತ್ತು. ಅವ್ವ ಹೋದ ಮೇಲೆ ಮೊದಲ ಬಾರಿಗೆ ಹಾಗೆ ಅನಿಸಿತ್ತು.

ಪೂಜೆ ಮುಗಿದು ಜನ ಹೊರಬಂದಾಗ ಅವರವರ ಬೂಟು ಎತ್ತಿ ಕೊಡುವುದರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ವನಿ ಬಂದವಳು ನನ್ನ ಕಣ್ಣು ನೋಡಿದಳು. ದೋಸೆ ತಿಂದೆವು. ಚೆನ್ನಾಗಿತ್ತು, ಆದರೆ ದಣಿದವನಿಗೆ ರುಚಿಗಿಂತ ಬಿಸಿಯೇ ಹೆಚ್ಚು ಹಿತವಾಯಿತು.

ಮರಳುವ ರೈಲಿನಲ್ಲಿ ಹಿರಿಯರ ಕಾಲಿನ ಸುದ್ದಿ ಹೇಳಿದೆ. ವನಿ ನನ್ನ ಕಡೆ ತಿರುಗಿ ಕೇಳಿದಳು.

"ಅವ್ವನ ಕಾಲೂ ಹಂಗ ಬಾತಿದ್ವೇನು?"

ಮೂರು ವಾರದಲ್ಲಿ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳುತ್ತ ಹೋದೆ. ಅವ್ವನ ಕಾಲು, ಬೆನ್ನಿನ ಹುಣ್ಣು, ಗಂಜಿ ಕುಡಿಸಿದರೆ ಮುಖ ತಿರುಗಿಸುತ್ತಿದ್ದುದು, ಕಡೆಯ ರಾತ್ರಿ "ವನಿ ಬಂದಳೇನು" ಎಂದು ಕೇಳಿದ್ದು. ವನಿ ನನ್ನ ತೋಳು ಹಿಡಿದುಕೊಂಡು ಅಳುತ್ತ ಕೇಳಿದಳು. ಎದುರಿನ ಪ್ರಯಾಣಿಕ ತನ್ನ ಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದ.

ಎಜ್‌ವೇರಿನಲ್ಲಿ ಇಳಿದಾಗ ಮಳೆ ನಿಂತಿರಲಿಲ್ಲ. ಮುಂದಿನ ಭಾನುವಾರ ನನ್ನ ವಿಮಾನ. ಗೇಟಿನ ಹತ್ತಿರ ಕೇಳಿದೆ, "ಶನಿವಾರನೂ ಅಲ್ಲೆ ಪೂಜಾ ಇರ್ತದೇನು?"

"ಇರ್ತದ. ಆದ್ರ ನಿನಗಿನ್ನೂ ವರ್ಷ ತುಂಬಿಲ್ಲಲ್ಲ, ಅಣ್ಣಾ."

"ಒಳಗ ಯಾರು ಬರ್ತಾರ?" ಎಂದೆ.