ನಲ್ಲಿಯ ಸಾಲಿನಲ್ಲಿ ಗಂಗವ್ವ

ಬೆಂಗಳೂರಿನ ದಾಸರಹಳ್ಳಿಗೆ ಬಂದು ತಿಂಗಳಾಗಿತ್ತು. ಬೆಳಗ್ಗೆ ನೀರಿನ ಸಾಲಿನಲ್ಲಿ ನಿಂತವಳು ಹಿಂತಿರುಗಿ ನೋಡಿ ಬೆಚ್ಚಿದೆ. ಹಿಂದಿನ ದಿನವಷ್ಟೇ ಕಾರ್ಖಾನೆಯ ನನ್ನ ಕೋಣೆಯಲ್ಲಿ ಕೂತು, ‘ಬದುಕೂದ ಸಾಕಾಗೇತ್ರಿ’ ಎಂದು ಅತ್ತಿದ್ದ ಗಂಗವ್ವ ಕೊಡ ಹಿಡಿದು ನನ್ನ ಬೆನ್ನಿಗೇ ನಿಂತಿದ್ದಳು.

ಧಾರವಾಡದಲ್ಲಿ ಹೀಗಾಗುತ್ತಿರಲಿಲ್ಲ. ನಾನು ಆಪ್ತಸಮಾಲೋಚನೆ ಕಲಿತ ಆಸ್ಪತ್ರೆಯಲ್ಲಿ, ಮನಸ್ಸು ಬಿಚ್ಚಿದವರು ಬಸ್ಸು ಹತ್ತಿ ತಮ್ಮ ಊರಿಗೆ ಹೋಗಿಬಿಡುತ್ತಿದ್ದರು. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಕಷ್ಟ ಕೇಳುವುದೇ ನನ್ನ ಕೆಲಸ, ಮನೆಯೂ ಅವರ ನಡುವೆಯೇ. ನಮ್ಮ ಚಾಳಿಗೆ ಇವರು ವಠಾರ ಅನ್ನುತ್ತಾರೆ, ನಳಕ್ಕೆ ನಲ್ಲಿ. ಇಡೀ ವಠಾರಕ್ಕೆ ಇರುವುದು ಒಂದೇ ನಲ್ಲಿ. ಜೋಳದ ಹಿಟ್ಟು ಹುಡುಕಿಕೊಂಡು ಯಶವಂತಪುರದ ತನಕ ಹೋಗಬೇಕು. ಸಿಕ್ಕ ದಿನವೇ ಹಬ್ಬ. ಊರ ಮಾತಿಗೆ ಜನ ನಗುತ್ತಾರೆಂದು ನಾಲಿಗೆಯನ್ನೂ ಬೆಂಗಳೂರಿನ ದಾರಿಗೆ ತಿದ್ದಿಕೊಳ್ಳುತ್ತಿದ್ದೆ.

‘ಹೊರಗೆ ಕಂಡರೆ ನೀನಾಗಿ ಮಾತಾಡಿಸಬೇಡ. ಅವರ ಗುಟ್ಟು ನಿನ್ನ ಮುಖದಲ್ಲೂ ಕಾಣಬಾರದು’ ಎಂದು ಗುರುಗಳು ಕಲಿಸಿದ್ದರು. ಅದರಂತೆ ನಲ್ಲಿಯ ಕಡೆ ತಿರುಗಿಕೊಂಡೆ.

‘ನೀವೂ ಮಾತ ಬಿಟ್ರೇನ್ರಿ ಅಕ್ಕಾರ?’ ಎಂದಳು ಗಂಗವ್ವ, ಸಾಲಿಗೆಲ್ಲ ಕೇಳುವಂತೆ.

ಕೂಸು ತೀರಿಕೊಂಡ ಮೇಲೆ ಗಂಡನ ಮನೆಯವರೆಲ್ಲ ಆಕೆಯೊಡನೆ ಮಾತು ಬಿಟ್ಟಿದ್ದರು. ನಮ್ಮ ಕಡೆ ಅದು ಮನೆಯಿಂದ ಹೊರಹಾಕಿದಷ್ಟೇ ದೊಡ್ಡ ಶಿಕ್ಷೆ. ಆಕೆಯ ಮಾನ ಕಾಯಬೇಕಿದ್ದ ನನ್ನ ಮೌನ ಆಕೆಗೆ ಅದೇ ಶಿಕ್ಷೆಯಾಗಿ ಕಂಡಿತ್ತು.

ವಠಾರದ ಒಡತಿ ಪುಟ್ಟಮ್ಮ ಬಿಂದಿಗೆ ಕೆಳಗಿಟ್ಟರು. ‘ಈಯಮ್ಮ ನಿಮ್ಗೆ ಗೊತ್ತಾ ಮೇಡಂ? ಫ್ಯಾಕ್ಟ್ರೀಲಿ ನಿಮ್ಮತ್ರ ಬರ್ತಾಳಾ?’

ಹೌದೆಂದರೆ ಸಂಜೆಯೊಳಗೆ ಗಂಗವ್ವ ಈ ಬೀದಿಗೆಲ್ಲ ತಲೆಕೆಟ್ಟವಳು, ಮರುದಿನ ಸೂಪರ್‌ವೈಸರ್‌ಗೂ. ಇಲ್ಲವೆಂದರೆ ಆಕೆಗೆ ಯಾರೂ ಇಲ್ಲ.

‘ನಮ್ಮ ಕಡೆಯವಳು ಕಣ್ರೀ’ ಎಂದು ಗಂಗವ್ವನತ್ತ ತಿರುಗಿದೆ. ‘ಮಾತ ಯಾಕ ಬಿಡಲಿ ಯವ್ವಾ? ಚಾ ಆತೇನು?’

‘ಇನ್ನೂ ಇಲ್ರೀ. ನೀರ ಒಯ್ದು ಮಾಡಬೇಕ್ರಿ’ ಎಂದಳು. ಆಕೆಯ ದನಿ ತಗ್ಗಿತು. ಅವಳ ಹಿಂದಿದ್ದವಳಿಗೂ ಅದನ್ನೇ ಕೇಳಿದೆ, ಅವಳ ಹಿಂದಿದ್ದವಳಿಗೂ.

ಅಂದಿನಿಂದ ಸಾಲಿನಲ್ಲಿ ಯಾರನ್ನೂ ಮಾತಾಡಿಸದೆ ಬಿಡುವುದಿಲ್ಲ. ಯಾರು ನನ್ನ ಕೋಣೆಗೆ ಬರುವವರು, ಯಾರು ಅಲ್ಲ ಎಂದು ಯಾರಿಗೂ ಗೊತ್ತಾಗದು. ‘ಬರೀ ಕೇಳ್ತೀರ, ಒಂದಿನಾನೂ ಟೀ ಕೊಡಲ್ಲ’ ಎಂದು ಪುಟ್ಟಮ್ಮ ಕಾಲೆಳೆಯುತ್ತಾರೆ. ಗಂಗವ್ವ ವಾರವಾರವೂ ಬಂದಳು. ನಿಧಾನವಾಗಿ ಊಟ ಸೇರಿತು, ನಿದ್ದೆ ಹತ್ತಿತು. ಒಂದು ದಿನ ಕೂಸಿನ ಹೆಸರನ್ನು ಅಳದೇ ಹೇಳಿದಳು.

ದೀಪಾವಳಿಗೆ ಊರಿಗೆ ಹೋದಾಗ ಅವ್ವ ಬಡಿಸುತ್ತ ಕೇಳಿದಳು, ‘ಅಷ್ಟ ದೂರ ಇರ್ತಿ, ನಮ್ಮವರು ಅಂತ ಯಾರರ ಅದಾರೇನ ಅಲ್ಲಿ?’

ಗಂಗವ್ವನ ಹೆಸರು ನಾಲಿಗೆ ತುದಿಗೆ ಬಂತು. ಅದನ್ನು ಅವ್ವನಿಗೂ ಹೇಳುವಂತಿಲ್ಲ.

‘ಯಾರೂ ಇಲ್ಲ ಯವ್ವಾ’ ಎಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿದಳು.