ತೊಳೆಯದೆ ಬಿಟ್ಟ ತಟ್ಟೆ

ನನಗೆ ಸಿಟ್ಟು ಬಂದರೆ ಪಾತ್ರೆ ತಿಕ್ಕುತ್ತೇನೆ. ತಪ್ಪಲೆಯ ತಳ ಫಳಫಳ ಹೊಳೆಯುತ್ತಿದ್ದರೆ ನನ್ನ ಗಂಡ ಪೇಪರ್ ಹಿಡಿದುಕೊಂಡು ಮೆಲ್ಲಗೆ ಹಿತ್ತಲಿಗೆ ಹೋಗಿಬಿಡುತ್ತಾರೆ. ಹೋದ ಬೇಸಿಗೆಯಲ್ಲಿ ಹಿರಿಯೂರಿನ ನಮ್ಮ ಬೀದಿಯಲ್ಲೇ ನಮ್ಮ ಮನೆಯಷ್ಟು ಹೊಳೆಯುವ ಪಾತ್ರೆ ಯಾರ ಮನೆಯಲ್ಲೂ ಇರಲಿಲ್ಲ. ಮಹಡಿಗೆ ಬಾಡಿಗೆಗೆ ಬಂದಿದ್ದ ಇಟಲಿಯ ದಂಪತಿ ಅದಕ್ಕೆ ಕಾರಣ. ಸಿಟ್ಟು ಅವರ ಮೇಲಲ್ಲ, ಅವರನ್ನು ನೋಡಲು ಬರುತ್ತಿದ್ದ ನಮ್ಮವರ ಮೇಲೆ.

ಎಲೆನಾ ಮತ್ತು ಅವಳ ಗಂಡ ಪಾವ್ಲೊ ಮಗುವನ್ನು ದತ್ತು ತೆಗೆದುಕೊಳ್ಳಲು ಬಂದವರು. ಮಗು ಎಂದರೆ ತೊಟ್ಟಿಲ ಕೂಸಲ್ಲ, ಹತ್ತು ವರ್ಷದ ರಂಗಿ. ಕುರಿ ಕಾಯುವವರ ಮನೆಯ ಹುಡುಗಿ, ಹೆತ್ತವರನ್ನು ಕಳೆದುಕೊಂಡು ಬಾಲಮಂದಿರದಲ್ಲಿ ಬೆಳೆದವಳು. ದತ್ತಕದ ಆದೇಶ ಆಗಲೇ ಆಗಿತ್ತು, ಹುಡುಗಿಯೂ ಅವರ ಜೊತೆಗೇ ಇದ್ದಳು. ಅವಳ ಪಾಸ್‌ಪೋರ್ಟ್ ಬರುವವರೆಗೆ ಮೂವರೂ ಇಲ್ಲಿ ಕಾಯಬೇಕಿತ್ತು. ಮಹಡಿ ಕಟ್ಟಿಸುವಾಗ ದಂಡದ ಖರ್ಚು ಎಂದು ಗೊಣಗಿದ್ದ ನನ್ನ ಗಂಡ, ವಿದೇಶವೇ ನಮ್ಮ ಮೆಟ್ಟಿಲು ಹತ್ತಿತು ಎಂದು ಈಗ ಬೀಗುತ್ತಿದ್ದರು.

ನೋಡಲು ಬಂದವರು ಕೂರುವ ಮೊದಲೇ ಕೇಳುತ್ತಿದ್ದರು: "ಇಷ್ಟ್ ದೊಡ್ಡದನ್ನ ಯಾಕ್ ತಗಂಡ್ರು? ಚಿಕ್ಕದು ಸಿಗಲಿಲ್ವೇನ್ರಿ?" ಹುಡುಗಿ ಅಲ್ಲೇ ನಿಂತಿರುತ್ತಿದ್ದಳು. ಕನ್ನಡ ಬಾರದವರು ಅವರಿಬ್ಬರು, ಅವಳಲ್ಲ. ಬದನೆಕಾಯಿ ಆರಿಸುವಾಗ ಬಲಿತದ್ದನ್ನು ಪಕ್ಕಕ್ಕಿಡುವುದು ನ್ಯಾಯ. ಮಕ್ಕಳಿಗೂ ಅದೇ ನ್ಯಾಯ ಹಚ್ಚುವವರಿಗೆ ಕಾಫಿ ಬೇರೆ ಕೊಡಬೇಕಿತ್ತು. ಕಾಫಿ ಕುಡಿದ ಮೇಲೆ ಬರುತ್ತಿದ್ದದ್ದು ಇನ್ನೊಂದು ಮಾತು: "ನಮ್ ಮಗೂನ ಪರದೇಶದೋರು ಕರ್ಕಂಡು ಹೋಗ್ತಾರಲ್ರಿ, ಹೊಟ್ಟೆ ಉರೀತೈತೆ." ನಮ್ಮ ಮಗುವಂತೆ. ಅಷ್ಟು ವರ್ಷ ಅವಳು ಯಾರ ಮಗುವೂ ಆಗಿರಲಿಲ್ಲ. ವಿಮಾನದ ಸುದ್ದಿ ಬಂದದ್ದೇ ತಡ, ಬೀದಿಗೆ ಬೀದಿಯೇ ತಾಯಿಯಾಗಿಬಿಟ್ಟಿತು. ಆ ದಿನ ನಾನು ತೊಳೆದಿಟ್ಟ ಕುಕ್ಕರನ್ನೇ ಮತ್ತೆ ತೊಳೆದೆ.

ಇಷ್ಟರಲ್ಲಿ ಪಾತ್ರೆ ತಿಕ್ಕುವುದರಲ್ಲಿ ನನಗೊಬ್ಬಳು ಪೈಪೋಟಿಗೆ ಬಂದಳು. ರಂಗಿ ಉಂಡ ಕೂಡಲೇ ಎದ್ದು ತನ್ನ ತಟ್ಟೆ, ಅವರಿಬ್ಬರ ತಟ್ಟೆ, ಕೆಳಗಿಳಿದು ಬಂದು ನಮ್ಮ ತಟ್ಟೆಗಳನ್ನೂ ತೊಳೆಯುತ್ತಿದ್ದಳು. ಎರಡನೇ ಸಲ ಅನ್ನ ಕೇಳುತ್ತಿರಲಿಲ್ಲ. ಎಲೆನಾಳನ್ನು ಮೇಡಂ ಎನ್ನುತ್ತಿದ್ದಳು. ಮೇಡಂ ಕೈಹಿಡಿದು ತಡೆದರೆ ಬೆದರಿ ಇನ್ನೂ ಜೋರಾಗಿ ತಿಕ್ಕುತ್ತಿದ್ದಳು. ಎಲೆನಾ ಒಂದು ದಿನ ಹರಕು ಇಂಗ್ಲಿಷಿನಲ್ಲಿ, ಇವಳಿಗೆ ನಾನೆಂದರೆ ಭಯವೇ ಎಂದು ಕೇಳಿ ಅತ್ತುಬಿಟ್ಟಳು. ನಾನು ರಂಗಿಯನ್ನು ಕೂರಿಸಿಕೊಂಡು ವಿಚಾರಿಸಿದೆ.

"ಎದುರುಮನೆ ಆಂಟಿ ಹೇಳಿದ್ರು," ಎಂದಳು, ಸೋಪು ಹತ್ತಿದ ಕೈ ನೋಡಿಕೊಳ್ಳುತ್ತಾ. "ಕೆಲ್ಸ ಬೊಗ್ಸೆ ಮಾಡ್ಕಂಡು ಚೆಂದಾಗಿರು, ಇಲ್ದಿದ್ರೆ ವಾಪಸ್ ತಂದು ಬಿಟ್ಟು ಹೋಗ್ತಾರೆ ಅಂತ."

ಎದುರುಮನೆಯ ಶಾರದಮ್ಮ ಇದನ್ನು ಪ್ರೀತಿಯಿಂದಲೇ ಹೇಳಿರಬೇಕು. ನನಗೆ ತಡೆಯಲಾಗದ್ದು ಅದೇ. ಮಗಳಾಗಿರುವುದಕ್ಕೂ ಕೂಲಿ ಮಾಡು ಎಂದು ಕಲಿಸುವ ಪ್ರೀತಿ ಅದು. ಅವರ ಮಗನಿಗೆ ಮದುವೆಯಾಗಿ ಮಗುವಾಗಿದ್ದರೂ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುತ್ತಾನೆ. ಅವನನ್ನು ಯಾರೂ ಎಲ್ಲಿಗೂ ವಾಪಸ್ ಬಿಟ್ಟು ಬಂದಿಲ್ಲ. ಆ ಸಂಜೆ ಅವರ ಬಾಗಿಲಲ್ಲಿ ನಿಂತು ಇದನ್ನೇ, ಇದಕ್ಕಿಂತ ಜೋರಾಗಿ ಹೇಳಿ ಬಂದೆ. ಇವತ್ತಿಗೂ ನಮಗೆ ಮಾತಿಲ್ಲ. ಅವರು ಒಗ್ಗರಣೆ ಹಾಕಿದರೆ ನಾವು ಕಿಟಕಿ ಹಾಕುತ್ತೇವೆ. ಆದರೆ ನನ್ನ ಜಗಳದಿಂದ ರಂಗಿಯ ಭಯವೇನೂ ಹೋಗಲಿಲ್ಲ. ಎಷ್ಟು ಸಮಾಧಾನ ಹೇಳಿದರೂ ಹೂಂ ಎಂದು ತಲೆಯಾಡಿಸಿ ತಟ್ಟೆ ಎತ್ತಿಕೊಳ್ಳುತ್ತಿದ್ದಳು.

ಆಗ ನಮ್ಮ ಅತ್ತೆ ನಡುವೆ ಬಂದರು. ಜವನಗೊಂಡನಹಳ್ಳಿ ಕಡೆ, ಕುರಿಮಂದೆಯ ನಡುವೆ ಬೆಳೆದವರು. "ತಬ್ಬಲಿ ಮರೀನ ಬ್ಯಾರೆ ಕುರಿ ಸೇರಿಸ್ಕಬೇಕು ಅಂದ್ರೆ ಎರಡನ್ನೂ ಒಂದೇ ಕಡೆ ಕೂಡಿ ಹಾಕ್ಬೇಕು ಕಣಮ್ಮ. ವಾಸ್ನೆ ಒಂದಾಗ್ಬೇಕು," ಎಂದರು. ನಾನು ನಕ್ಕು ಸುಮ್ಮನಾದೆ. ಅವರು ಸುಮ್ಮನಾಗಲಿಲ್ಲ. ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋಗಿದ್ದಾಗ ಎಲೆನಾ, ರಂಗಿ ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿ, ತವರಿನ ಕರಿಕಂಬಳಿ ಹೊದಿಸಿ, ಬಾಗಿಲೆಳೆದು ಹೊರಗೆ ಕಾವಲು ಕೂತರು. ಹಿರಿಯೂರಿನ ಬೇಸಿಗೆ, ಫ್ಯಾನೂ ಬಿಸಿಗಾಳಿ ಬೀಸುವ ಕಾಲ. ಎಲೆನಾ ಇದು ನಮ್ಮ ಯಾವುದೋ ಶಾಸ್ತ್ರವೆಂದು ತಿಳಿದು ಕೈಮುಗಿದು ಕೂತಿದ್ದಳಂತೆ. ನಾನು ಮನೆಗೆ ಬರುವ ಹೊತ್ತಿಗೆ ಒಳಗಿಂದ ಕೂಗಾಟ ಕೇಳಿಸಿತು.

"ತೆಗಿಯೇ ಇದನ್ನ, ಚುಚ್ತೈತೆ. ಸೆಕೆ ಆಗ್ತೈತೆ, ಸರ್ಕಳೇ ಅತ್ಲಾಗೆ."

ಬಾಗಿಲು ತೆಗೆದೆ. ಬೆವರಿನಲ್ಲಿ ತೊಯ್ದಿದ್ದ ರಂಗಿ ಕಂಬಳಿ ಕಿತ್ತೆಸೆದು ಬೈಯುತ್ತಿದ್ದಳು. ಎಲೆನಾಳೂ ಕುತ್ತಿಗೆ ಕೆರೆದುಕೊಳ್ಳುತ್ತಾ ತನ್ನ ಭಾಷೆಯಲ್ಲಿ ತಿರುಗಿ ಬೈಯುತ್ತಿದ್ದಳು. ನನ್ನನ್ನು ಕಂಡದ್ದೇ ಹುಡುಗಿ ಗಪ್ಪಾದಳು. ತಾನು ಮಾಡಿದ್ದು ಆಗ ಗೊತ್ತಾಗಿ ಮುಖ ಸಣ್ಣದಾಯಿತು. "ಈಗ ವಾಪಸ್ ಬಿಡ್ತಾರಾ?" ಎಂದು ಕೇಳಿದಳು. ನಾನು ಅದನ್ನು ಎಲೆನಾಳಿಗೆ ತಿಳಿಸಿದೆ. ಅವಳು ಹುಡುಗಿಯನ್ನು ಹತ್ತಿರ ಎಳೆದುಕೊಂಡು ಅವಳ ಬೆನ್ನು ಕೆರೆಯತೊಡಗಿದಳು. ಸ್ವಲ್ಪ ಹೊತ್ತು ಬಿಟ್ಟು ರಂಗಿ, "ಅಲ್ಲಲ್ಲ, ಇನ್ನೂ ಕೆಳಗೆ," ಎಂದಳು.

"ನೋಡ್ದಾ, ಕೂಡ್ಕಂತು," ಎಂದರು ಅತ್ತೆ. ನನಗೆ ಅವರ ಮೇಲೂ ಕೆಂಡದಂಥ ಸಿಟ್ಟು ಬಂದಿತ್ತು, ಆದರೂ ಕಂಬಳಿ ಮಡಚಿ ಅವರ ಕೈಗಿಟ್ಟೆ.

ಹೊರಡುವ ದಿನ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡಿದ್ದೆ. ರಂಗಿ ಎರಡನೇ ಸಲ ಹಾಕಿಸಿಕೊಂಡು, ಕಡಲೆಬೀಜ ಮಾತ್ರ ಆರಿಸಿ ತಿಂದು, ಉಳಿದದ್ದನ್ನು ಹಾಗೇ ಬಿಟ್ಟು, "ಅಮ್ಮಾ, ನನ್ ಚಪ್ಲಿ ಎಲ್ಲಿಟ್ಟೆ?" ಎಂದು ಕೂಗುತ್ತಾ ಮಹಡಿಗೆ ಓಡಿದಳು. ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

ಊರಿಗೆ ಹೊರಟವರ ಬೆನ್ನಿಗೇ ಮನೆ ಗುಡಿಸಬಾರದು, ಎಂಜಲು ಎತ್ತಬಾರದು ಎಂಬುದು ಅತ್ತೆಯ ಕಾಯಿದೆ. ಇದರ ಮೇಲೆ ನಮಗೆ ಯಾವಾಗಲೂ ಜಗಳ. ಅವತ್ತು ನಾನು ಎದುರಾಡಲಿಲ್ಲ. ತಟ್ಟೆ ಸಂಜೆಯವರೆಗೂ ಅಲ್ಲೇ ಇತ್ತು, ಇರುವೆ ಮುತ್ತಿದ್ದವು. ಕೊನೆಗೆ ತೊಳೆಯಲು ಕೂತರೆ ಕೈಗೆ ಬಲವೇ ಬರಲಿಲ್ಲ, ಅರಿಶಿನದ ಕಲೆ ಹಾಗೇ ಉಳಿಯಿತು. ಅದನ್ನು ಕಂಡ ನನ್ನ ಗಂಡ ಎಷ್ಟೋ ದಿನಗಳ ಮೇಲೆ ಪೇಪರ್ ಹಿಡಿದುಕೊಂಡು ಅಡುಗೆಮನೆಯಲ್ಲೇ ಕೂತರು.