ಹೆಬ್ಬೆರಳು ಎತ್ತಿದರೆ ಮೇಲಕ್ಕೆ

ಬೆಳಕು ಹರಿಯುವ ಹೊತ್ತು. ಒರತೆಯ ಕೊಳದ ಮೇಲೆ ಗುಳ್ಳೆಗಳು ಸಾಲಾಗಿ ಏಳುತ್ತಿವೆ. ಅವುಗಳ ಕೆಳಗೆ, ಮೂರಾಳು ಆಳದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಹೆಂಗಸೊಬ್ಬರು ಬಂಡೆ ಉಜ್ಜುತ್ತಿದ್ದಾರೆ. ಕೈಯಲ್ಲಿರುವುದು ಬಟ್ಟೆ ಒಗೆಯುವ ಬ್ರಷ್. ಇಲ್ಲಿ ಎಲ್ಲರಿಗೂ ಅವರು ಬ್ರಷ್ ಅಕ್ಕ.

ಎಂಟು ಗಂಟೆಗೆ ಸ್ಕೂಬಾ ಡೈವಿಂಗ್‌ಗೆಂದು ಪ್ರವಾಸಿಗಳು ಬರುತ್ತಾರೆ. ತಿಳಿನೀರು ನೋಡಿ ಪ್ರಕೃತಿಯನ್ನು ಹೊಗಳುತ್ತಾರೆ. ಹಿಡಿದು ಇಳಿಯುವ ಹಗ್ಗದಲ್ಲಿ ಪಾಚಿ ಯಾಕಿಲ್ಲ ಎಂದು ಒಬ್ಬರೂ ಕೇಳಿಲ್ಲ. "ಕೈ ಜಾರಿದ್ರೆ ಕೇಳ್ತಾರೆ. ಕೇಳದೇ ಇರೋದೇ ಒಳ್ಳೇದು," ಎನ್ನುತ್ತಾರೆ ಅಕ್ಕ. ಉಜ್ಜುತ್ತಲೇ ಬಿದ್ದದ್ದನ್ನು ಬಲೆಚೀಲಕ್ಕೆ ಹಾಕಿಕೊಳ್ಳುತ್ತಾರೆ: ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಹಲ್ಲಿನ ಸೆಟ್ಟು. "ಆ ಯಜಮಾನ್ರು ನಂದಲ್ಲ ಅಂದ್ರು. ಬಾಯಿಗೆ ಕೈ ಅಡ್ಡ ಹಿಡ್ಕೊಂಡೇ ಅಂದ್ರು."

ಮೊದಲು ಅವರು ಇಲ್ಲಿ ಡೈವಿಂಗ್ ಬಟ್ಟೆ ತೊಳೆಯುತ್ತಿದ್ದರು. ಉಜ್ಜುವವನು ಕೆಲಸ ಬಿಟ್ಟಾಗ ತರಬೇತುದಾರರು ಇವರನ್ನೇ ಇಳಿಸಿ ಕಲಿಸಿದರು. ಶುರುವಿನಲ್ಲಿ ಕಿವಿಯೊಳಗೆ ಸೌಟು ತಿರುವಿದಂಥ ನೋವು. ಈಗ ಅದಿಲ್ಲ, ಬೆರಳು ಸುಕ್ಕುಗಟ್ಟುವುದು ಮಾತ್ರ ತಪ್ಪಿಲ್ಲ. "ಹೆಬ್ಬೆರಳು ಒತ್ತಿದ್ರೆ ಫೋನಿನ ಲಾಕೇ ತೆರೆಯಲ್ಲ. ನೀನ್ಯಾರು ಅನ್ನತ್ತೆ."

ಅಕ್ಕನ ಗಂಡ ದಡದಲ್ಲೇ ಸಿಲಿಂಡರ್‌ಗಳಿಗೆ ಗಾಳಿ ತುಂಬುತ್ತಾರೆ. ಮಾತು ನಿಲ್ಲಿಸದ ಮನುಷ್ಯ. ನೀರೆಂದರೆ ಮಾತ್ರ ಬಕೆಟ್ಟಿನದೇ ಸಾಕು. ತಳದಲ್ಲಿ ಒರತೆ ಹುಟ್ಟುವ ಬಾಯಿ ತೋರಿಸುತ್ತೇನೆ ಎಂದು ಹೆಂಡತಿ ಕರೆದಾಗಲೆಲ್ಲ "ನಾಳೆ" ಎಂದವರು. ಈಗ ನಾಳೆಗೇ ಕುತ್ತು ಬಂದಿದೆ. ಪ್ರವಾಸಿಗಳು ಮರಳು ಕದಡುತ್ತಾರೆಂದು ನಾಳೆಯಿಂದ ಆ ಬಾಯಿಯ ಸುತ್ತ ಜಾಲರಿ ಹಾಕುತ್ತಾರೆ. ಆಮೇಲೆ ಯಾರೂ ಹತ್ತಿರ ಹೋಗುವಂತಿಲ್ಲ. ಅದಕ್ಕೇ ಒಂದು ತಿಂಗಳಿಂದ ಮೆಟ್ಟಿಲ ಬಳಿ, ಎದೆಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿ, ಇವತ್ತು ಅವರು ಇಳಿಯುತ್ತಿದ್ದಾರೆ.

"ಭಾವ, ನೀರು ಬಿಸಿ ಮಾಡಿಸ್ಲಾ?" ಟಿಕೆಟ್ ಕಿಟಕಿಯಿಂದ ಅಕ್ಕನ ತಂಗಿ ಕೂಗುತ್ತಾಳೆ.

ನೀರೊಳಗೆ ಕೈಯೇ ಬಾಯಿ. ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ‘ಸರಿಯಾಗಿದ್ದೇನೆ’. ಹೆಬ್ಬೆರಳು ಎತ್ತಿದರೆ ‘ಮೇಲಕ್ಕೆ’. ಕಾರಣ ಕೇಳದೆ ಹೊರಡಬೇಕು. ಇಬ್ಬರೂ ಇಳಿಯುತ್ತಾರೆ. ಸ್ವಲ್ಪ ಹೊತ್ತಿಗೇ ಎರಡೂ ತಲೆ ಮೇಲೆ.

"ಯಾಕೆ ಎಳ್ಕೊಂಡ್ ಬಂದೆ?"

"ನೀವೇ ತಾನೆ ಹೆಬ್ಬೆರಳು ತೋರ್ಸಿದ್ದು?"

"ಮೀನು ಸೂಪರ್ ಅಂತ ತೋರಿಸಿದ್ದು ಕಣೇ."

ಮತ್ತೆ ಇಳಿಯುತ್ತಾರೆ. ಮತ್ತೆ ಮೇಲೆ.

"ಈ ಸಲ ಎರಡೂ ಕೈಯಲ್ಲಿ ತೋರ್ಸಿದ್ರಿ."

"ಅಷ್ಟು ಚೆನ್ನಾಗಿತ್ತು."

"ಭಾವ, ಅದು ಲಿಫ್ಟ್ ಅಲ್ಲ," ಎನ್ನುತ್ತಾಳೆ ತಂಗಿ.

ಅಭ್ಯಾಸಬಲದಿಂದ ಎತ್ತಿದ್ದೆಂದು ಗೊತ್ತಿದ್ದೂ ಯಾಕೆ ಮೇಲೆ ತಂದಿರಿ ಎಂದರೆ ಅಕ್ಕನ ಮುಖ ಬಿಗಿಯಾಗುತ್ತದೆ. "ಸುಮ್ನೆ ಎತ್ತಿದ್ರು ಅಂತ ನಾನೇ ಅಂದ್ಕೊಂಡು, ನಿಜವಾಗ್ಲೂ ಉಸಿರು ಕಟ್ಟಿದ್ರೆ? ಗಂಡ ಅಂತ ಬೇರೆ ನಿಯಮ ಇಲ್ಲ."

ಪ್ರವಾಸಿಗಳ ಮೊದಲ ಬಸ್ಸು ಗೇಟಿಗೆ ಬಂದಿದೆ. ಮತ್ತೆ ಗಾಳಿ ತುಂಬಲು ಹೊತ್ತಿಲ್ಲ, ಸಿಲಿಂಡರ್‌ನಲ್ಲಿರುವುದು ಇನ್ನೊಂದು ಸಲಕ್ಕೆ ಮಾತ್ರ ಸಾಕು. ಅಕ್ಕ ಒಂದು ಗಳಿಗೆ ಯೋಚಿಸಿ ಗಂಡನ ಬಲಗೈಗೆ ಬ್ರಷ್ಷು, ಎಡಗೈಗೆ ಬಲೆಚೀಲ ಕೊಡುತ್ತಾರೆ. "ಗಟ್ಟಿಯಾಗಿ ಹಿಡ್ಕೊಳಿ. ಮೇಲೆ ಬರ್ಲೇಬೇಕು ಅನ್ಸಿದ್ರೆ ಮಾತ್ರ ಬಿಡಿ."

ಈ ಸಲ ತಲೆಗಳು ಕಾಣುವುದಿಲ್ಲ. ಗುಳ್ಳೆಗಳ ಎರಡು ಸಾಲು ಹತ್ತಿರ ಹತ್ತಿರ ಏಳುತ್ತಲೇ ಇವೆ. ಕಿಟಕಿಯ ಬಳಿ ಜನ ನಿಂತಿದ್ದರೂ ತಂಗಿ ಟಿಕೆಟ್ ಹರಿಯುವುದನ್ನು ಮರೆತಿದ್ದಾಳೆ.

ಕೆಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳುತ್ತಾರೆ. ಉಕ್ಕುವ ಹಾಲಿನ ಹಾಗೆ ಮರಳು ಏಳುತ್ತಿತ್ತು. ಗಂಡ ಮಂಡಿಯೂರಿ, ಬ್ರಷ್ಷನ್ನು ಎದೆಗೊತ್ತಿಕೊಂಡು ನೋಡುತ್ತಲೇ ಉಳಿದರು. "ಮದುವೆ ಆದಮೇಲೆ ಇಷ್ಟು ಹೊತ್ತು ಸುಮ್ನಿದ್ದಿದ್ದು ಇದೇ ಮೊದಲು. ಗಾಳಿ ಮುಗೀತೇನೋ ಅಂತ ಎರಡು ಸಲ ಮೀಟರ್ ನೋಡಿದೆ."

ಈಗ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾರೆ. ಹೇಗಿತ್ತು ಭಾವ ಎಂದು ತಂಗಿ ಕೇಳುತ್ತಾಳೆ. ಅವರು ಬ್ರಷ್ಷು ಕೆಳಗಿಟ್ಟು, ಹೆಂಡತಿಯ ಕಡೆ ತಿರುಗಿ, ಮೆಲ್ಲಗೆ ಹೆಬ್ಬೆರಳು ಎತ್ತುತ್ತಾರೆ.

"ಮೇಲೇ ಇದ್ದೀವಲ್ರೀ," ಎನ್ನುತ್ತಾರೆ ಅಕ್ಕ. "ಇನ್ನೆಲ್ಲಿಗೆ ಹೋಗೋಣ?"